ಪ್ರೊಜೆಕ್ಟರ್ ಕೂಡಿಸುವ ಕ್ರಮ: ಮೆನು ಮುಟ್ಟುವ ಮೊದಲು ಜಾಗ ಸರಿಪಡಿಸಿ

ಯಂತ್ರ ಹೊಸದು, ದುಡ್ಡೂ ಸಾಕಷ್ಟು ಹಾಕಿದ್ದೇವೆ, ಆದರೂ ಚಿತ್ರ ಮಸುಕಾಗಿ ಕಾಣುತ್ತದೆ, ಮೇಲ್ಭಾಗ ಅಗಲವಾಗಿ ಕೆಳಭಾಗ ಕಿರಿದಾಗಿ ಬೀಳುತ್ತದೆ, ಅಕ್ಷರ ಓದಲಾಗುವುದಿಲ್ಲ, ಏನು ಮಾಡಬೇಕು? ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಶಿಕ್ಷಕರು, ಊರಿನ ಸಂಘಗಳವರು, ಮನೆಯಲ್ಲಿ ದೊಡ್ಡ ಚಿತ್ರ ನೋಡುವ ಆಸೆಯಿಂದ ಪ್ರೊಜೆಕ್ಟರ್ ಕೊಂಡವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಬಹುತೇಕ ಸಂದರ್ಭಗಳಲ್ಲಿ ಯಂತ್ರ ಸರಿಯಾಗಿಯೇ ಇರುತ್ತದೆ. ತೊಂದರೆ ಇರುವುದು ಅದನ್ನು ಇಟ್ಟ ಜಾಗದಲ್ಲಿ, ಕೋಣೆಯ ಬೆಳಕಿನಲ್ಲಿ, ಚಿತ್ರ ಬೀಳುವ ಗೋಡೆ ಅಥವಾ ಪರದೆಯಲ್ಲಿ. ಕೆಳಗಿನ ಹಂತಗಳನ್ನು ಕೊಟ್ಟಿರುವ ಅನುಕ್ರಮದಲ್ಲೇ ಮಾಡಿ. ಮೊದಲೇ ಮೆನುವಿಗೆ ಹೋಗಿ ಬಟನ್ ಒತ್ತುತ್ತಾ ಕುಳಿತರೆ ಒಂದು ದೋಷವನ್ನು ಇನ್ನೊಂದು ದೋಷದಿಂದ ಮುಚ್ಚಿದಂತಾಗುತ್ತದೆ.

ಕೈಯಲ್ಲಿ ಇರಬೇಕಾದ ಸಾಮಾನು ಹೆಚ್ಚೇನಿಲ್ಲ: ಅಳತೆ ಟೇಪು, ಹಿಗ್ಗದ ಗಟ್ಟಿ ದಾರ, ಗುರುತು ಮಾಡಲು ಬಣ್ಣದ ಅಂಟುಪಟ್ಟಿ, ಗೌಂಡಿಗಳು ಬಳಸುವ ರಸಮಟ್ಟ ಅಥವಾ ಮೊಬೈಲಿನಲ್ಲಿ ಮಟ್ಟ ತೋರಿಸುವ ಆ್ಯಪ್, ಯಂತ್ರದ ಜೊತೆ ಬಂದ ಕೈಪಿಡಿ, ಮತ್ತು ಪರದೆಯ ಹತ್ತಿರ ನಿಂತು ನೋಡಿ ಹೇಳಲು ಒಬ್ಬ ಜೊತೆಗಾರ. ಕೈಪಿಡಿ ಕಳೆದಿದ್ದರೆ ಯಂತ್ರದ ತಳದಲ್ಲಿ ಅಂಟಿಸಿರುವ ಚೀಟಿಯಿಂದ ಮಾದರಿಯ ಸಂಖ್ಯೆ ಬರೆದುಕೊಂಡು, ತಯಾರಕರ ಜಾಲತಾಣದಿಂದ ಇಳಿಸಿಕೊಳ್ಳಿ. ಮುಂದಿನ ಲೆಕ್ಕಗಳಿಗೆ ಅದರಲ್ಲಿನ ಎರಡು ಮೂರು ಅಂಕಿಗಳು ಬೇಕೇ ಬೇಕು.

1. ಮೊದಲು ಕತ್ತಲು ಮಾಡಿ

ಪ್ರೊಜೆಕ್ಟರ್ ಬೆಳಕನ್ನು ಚೆಲ್ಲಬಲ್ಲದು, ಕಪ್ಪನ್ನು ಚೆಲ್ಲಲಾರದು. ಚಿತ್ರದಲ್ಲಿ ಕಪ್ಪು ಇರುವ ಕಡೆ ಪರದೆ ತಾನು ಇದ್ದ ಹಾಗೆಯೇ ಕಾಣುತ್ತದೆ. ಟ್ಯೂಬ್‌ಲೈಟ್ ಉರಿಯುವ ಕೋಣೆಯಲ್ಲಿ ಬಿಳಿ ಗೋಡೆ ಎಷ್ಟು ಬೆಳ್ಳಗೆ ಕಾಣುತ್ತದೆಯೋ ನಿಮ್ಮ ಚಿತ್ರದ ಕಪ್ಪೂ ಅಷ್ಟೇ ಬೆಳ್ಳಗೆ ಇರುತ್ತದೆ. ಚಿತ್ರ ತೊಳೆದು ಹೋದಂತೆ ಕಾಣಲು ಇದೇ ಕಾರಣ. ದುಬಾರಿ ಯಂತ್ರ ತಂದರೂ ಈ ನಿಯಮ ಬದಲಾಗುವುದಿಲ್ಲ.

ಎಷ್ಟು ಬೆಳಕು ಸಾಕು ಎಂಬುದಕ್ಕೆ ಒಂದು ಅಂದಾಜು ಇಟ್ಟುಕೊಳ್ಳಿ. ಡಿಜಿಟಲ್ ಚಿತ್ರಮಂದಿರಗಳ ಮಾನದಂಡದ ಪ್ರಕಾರ ಬಿಳಿ ದೃಶ್ಯದಲ್ಲಿ ಪರದೆಯ ಹೊಳಪು ಪ್ರತಿ ಚದರ ಮೀಟರಿಗೆ 48 ಕ್ಯಾಂಡೆಲಾ (ಹೊಳಪು ಅಳೆಯುವ ಮಾನ) ಇರಬೇಕು. ಏಳು ಅಡಿ ಅಗಲದ, ಸಾಮಾನ್ಯ ಬಿಳಿ ಪರದೆಯ ಮೇಲೆ ಅಷ್ಟು ಹೊಳಪು ಬರಲು ಸುಮಾರು 400 ಲ್ಯೂಮೆನ್ ಬೆಳಕು ಬಿದ್ದರೆ ಸಾಕು. ಲ್ಯೂಮೆನ್ ಎಂದರೆ ಯಂತ್ರದಿಂದ ಹೊರಬರುವ ಒಟ್ಟು ಬೆಳಕಿನ ಅಳತೆ. ಅಂದರೆ ಪೂರ್ತಿ ಕತ್ತಲಿನ ಕೋಣೆಯಲ್ಲಿ ಸಾಧಾರಣ ಯಂತ್ರವೂ ಚಿತ್ರಮಂದಿರದ ಹೊಳಪು ಕೊಡುತ್ತದೆ. ಅದೇ ಕಿಟಕಿ ತೆರೆದ ತರಗತಿಯಲ್ಲಿ 3000 ಲ್ಯೂಮೆನ್ ಯಂತ್ರವೂ ಸೋಲುತ್ತದೆ. ಕೊಳ್ಳುವವರು ಪೆಟ್ಟಿಗೆಯ ಮೇಲೆ 'ಆನ್ಸಿ ಲ್ಯೂಮೆನ್' ಎಂದು ಇದೆಯೇ ನೋಡಬೇಕು. ಇದು ಚಿತ್ರದ ಒಂಬತ್ತು ಬಿಂದುಗಳಲ್ಲಿ ಬೆಳಕು ಅಳೆದು ಸರಾಸರಿ ತೆಗೆಯುವ ಪದ್ಧತಿ. ಬರೀ 'ಲ್ಯೂಮೆನ್' ಎಂದು ಬರೆದು ಹತ್ತು ಸಾವಿರ, ಹದಿನೈದು ಸಾವಿರ ಎಂದು ಹೇಳುವ ಅಗ್ಗದ ಯಂತ್ರಗಳ ಅಂಕಿಯನ್ನು ಇದರೊಂದಿಗೆ ಹೋಲಿಸಬೇಡಿ.

ನಮ್ಮ ಭಾಗದ ಬಿಸಿಲಿಗೆ ಕಿಟಕಿಯ ಮೇಲೆ ತೆಳು ಬಟ್ಟೆ ಸಾಲದು. ದಪ್ಪ, ಕಡುಬಣ್ಣದ ಬಟ್ಟೆ ಎರಡು ಪದರ ಹಾಕಿ, ಬದಿಗಳಲ್ಲಿ ಬೆಳಕು ನುಸುಳದಂತೆ ಚೌಕಟ್ಟಿಗಿಂತ ಅರ್ಧ ಅಡಿ ಹೆಚ್ಚು ಅಗಲ ಬಿಡಿ. ತಗಡಿನ ಚಾವಣಿಯ ಕೋಣೆಗಳಲ್ಲಿ ಗೋಡೆ ಮತ್ತು ತಗಡಿನ ನಡುವಿನ ಸಂದಿಯಿಂದ ಬರುವ ಬೆಳಕನ್ನು ಯಾರೂ ಗಮನಿಸುವುದಿಲ್ಲ, ಆದರೆ ಅದು ನೇರವಾಗಿ ಎದುರಿನ ಗೋಡೆಯ ಮೇಲೇ ಬೀಳುತ್ತದೆ. ಪಾಲಿಶ್ ಮಾಡಿದ ಫರಸಿ ನೆಲವೂ ಬೆಳಕನ್ನು ಪರದೆಗೆ ತಿರುಗಿಸಿ ಕಳಿಸುತ್ತದೆ. ಪರದೆಯ ಮುಂದೆ ಆರೇಳು ಅಡಿಯಷ್ಟು ಜಮಖಾನೆ ಹಾಸಿದರೆ ಚಿತ್ರದ ಕೆಳಭಾಗದ ಕಪ್ಪು ಗಾಢವಾಗುವುದು ಕಣ್ಣಿಗೇ ಕಾಣುತ್ತದೆ.

ತರಗತಿಯಲ್ಲಿ ಮಕ್ಕಳು ಬರೆದುಕೊಳ್ಳಲು ಬೆಳಕು ಬೇಕು ಎನ್ನುವುದು ನಿಜ. ಹಾಗಿದ್ದರೆ ಪರದೆಯ ಹತ್ತಿರದ ದೀಪವನ್ನು ಮಾತ್ರ ಆರಿಸಿ, ಹಿಂದಿನ ದೀಪ ಉಳಿಸಿಕೊಳ್ಳಿ. ಎಲ್ಲ ದೀಪಗಳಿಗೂ ಒಂದೇ ಸ್ವಿಚ್ ಇದ್ದರೆ ಅದನ್ನು ಬೇರ್ಪಡಿಸಲು ಎಲೆಕ್ಟ್ರಿಷಿಯನ್ನರಿಗೆ ಹೇಳಿ. ಹೊಸ ಯಂತ್ರ ಕೊಳ್ಳುವುದಕ್ಕಿಂತ ಅದರ ಖರ್ಚು ಬಹಳ ಕಡಿಮೆ.

2. ಪರದೆಯನ್ನು ಆರಿಸಿ, ಬಿಗಿಯಾಗಿ ಕಟ್ಟಿ

ಹೊಳಪಿಲ್ಲದ ಬಿಳಿ ಮೇಲ್ಮೈ ಎಲ್ಲಕ್ಕಿಂತ ಉತ್ತಮ. ಆಯಿಲ್ ಪೇಂಟ್ ಬಳಿದ ಗೋಡೆ ಮತ್ತು ಮಾರ್ಕರಿನಿಂದ ಬರೆಯುವ ಬಿಳಿ ಹಲಗೆ ಎರಡೂ ಮಿನುಗುತ್ತವೆ. ನಡುವೆ ದೀಪದ ಪ್ರತಿಬಿಂಬದ ಬಿಳಿ ಮಚ್ಚೆ ಬಿದ್ದು ಮುಂದಿನ ಸಾಲಿನವರ ಕಣ್ಣಿಗೆ ಹೊಡೆಯುತ್ತದೆ. ತಿಳಿನೀಲಿ ಅಥವಾ ಹಸಿರು ಗೋಡೆಯ ಮೇಲೆ ಮುಖಗಳೆಲ್ಲ ರೋಗಿಷ್ಠವಾಗಿ ಕಾಣುತ್ತವೆ. ಸುಣ್ಣ ಬಳಿದ ಗೋಡೆ ಬಿಳಿಯಾಗಿದ್ದರೂ ಉಬ್ಬುತಗ್ಗು ಇರುವುದರಿಂದ ಸಣ್ಣ ಅಕ್ಷರ ಒಡೆದು ಕಾಣುತ್ತದೆ. ಪುಟ್ಟಿ ಹಚ್ಚಿ ಉಜ್ಜಿ, ಮ್ಯಾಟ್ ಬಿಳಿ ಎಮಲ್ಷನ್ ಎರಡು ಸಲ ಬಳಿದರೆ ಅದೇ ಗೋಡೆ ಒಳ್ಳೆಯ ಪರದೆಯಾಗುತ್ತದೆ.

ಹಾಸಿಗೆಯ ಬಿಳಿ ಬಟ್ಟೆ ಕಟ್ಟುವವರು ಎರಡು ವಿಷಯ ಗಮನಿಸಿ. ಬಟ್ಟೆಯ ಮೂಲಕ ಸ್ವಲ್ಪ ಬೆಳಕು ಹಿಂದಕ್ಕೆ ಸೋರಿ ಹೋಗುತ್ತದೆ, ಆದ್ದರಿಂದ ಹಿಂದೆ ಕಪ್ಪು ಬಟ್ಟೆ ಇರಲಿ. ನಾಲ್ಕು ಮೂಲೆಗೆ ಮಾತ್ರ ಕಟ್ಟಿದರೆ ನಡುವೆ ಸುಕ್ಕು ಬೀಳುತ್ತದೆ. ಅಂಚಿನುದ್ದಕ್ಕೂ ಒಂದೊಂದು ಅಡಿಗೆ ಕಣ್ಣು ಹೊಲಿಸಿ ಚೌಕಟ್ಟಿಗೆ ಎಳೆದು ಕಟ್ಟಿ.

ಪರದೆಯ ಗಾತ್ರವನ್ನು ಹಿಂದಿನ ಸಾಲಿನವರು ನಿರ್ಧರಿಸಬೇಕು. ಓದುವ ಪಾಠವಾದರೆ ಕೊನೆಯ ಸಾಲಿನ ದೂರವು ಚಿತ್ರದ ಎತ್ತರದ ಆರು ಪಟ್ಟನ್ನು ಮೀರಬಾರದು. ಚಿತ್ರ ನಾಲ್ಕು ಅಡಿ ಎತ್ತರವಿದ್ದರೆ ಕೊನೆಯ ಬೆಂಚು 24 ಅಡಿಯೊಳಗೆ ಇರಲಿ. ಮಕ್ಕಳು ನೆಲದ ಮೇಲೆ ಕೂಡುವಲ್ಲಿ ಚಿತ್ರದ ಕೆಳಅಂಚು ನೆಲದಿಂದ ಮೂರು ಅಡಿ, ಬೆಂಚಿನ ಮೇಲೆ ಕೂಡುವಲ್ಲಿ ನಾಲ್ಕು ಅಡಿ ಇದ್ದರೆ ಮುಂದಿನವರ ತಲೆ ಅಡ್ಡ ಬರುವುದು ತಪ್ಪುತ್ತದೆ.

3. ದೂರದ ಲೆಕ್ಕ ಹಾಕಿ

ಪ್ರೊಜೆಕ್ಟರಿನ ಮಸೂರದಿಂದ ಪರದೆಗೆ ಇರುವ ದೂರವನ್ನು ಚಿತ್ರದ ಅಗಲದಿಂದ ಭಾಗಿಸಿದರೆ ಬರುವ ಸಂಖ್ಯೆಯೇ 'ಥ್ರೋ ರೇಶಿಯೋ'. ಕೈಪಿಡಿಯಲ್ಲಿ ಇದು 1.5 ಎಂದಿದ್ದರೆ, ಒಂದು ಅಡಿ ಅಗಲದ ಚಿತ್ರಕ್ಕೆ ಒಂದೂವರೆ ಅಡಿ ದೂರ ಬೇಕು ಎಂದರ್ಥ. ಹನ್ನೆರಡು ಅಡಿ ಉದ್ದದ ಕೋಣೆ ಎಂದಿಟ್ಟುಕೊಳ್ಳೋಣ. ಯಂತ್ರದ ಉದ್ದ ಮತ್ತು ಹಿಂದೆ ಗಾಳಿಗೆ ಬಿಡುವ ಜಾಗ ಸೇರಿ ಒಂದೂವರೆ ಅಡಿ ಕಳೆದರೆ ಉಳಿಯುವುದು ಹತ್ತೂವರೆ ಅಡಿ. ಅದನ್ನು 1.5ರಿಂದ ಭಾಗಿಸಿದರೆ ಚಿತ್ರದ ಅಗಲ ಏಳು ಅಡಿ. 16:9 ಪ್ರಮಾಣದಲ್ಲಿ ಎತ್ತರ ಸುಮಾರು ನಾಲ್ಕು ಅಡಿ, ಮೂಲೆಯಿಂದ ಮೂಲೆಗೆ 96 ಇಂಚು. ಮಾರಾಟಗಾರರು 'ನೂರೈವತ್ತು ಇಂಚು ಬರುತ್ತದೆ' ಎಂದು ಹೇಳಿದ್ದು ಸುಳ್ಳಲ್ಲದಿರಬಹುದು, ಆದರೆ ಅಷ್ಟು ದೊಡ್ಡ ಚಿತ್ರಕ್ಕೆ ಇದೇ ಯಂತ್ರವನ್ನು 16 ಅಡಿಗೂ ಹೆಚ್ಚು ದೂರ ಇಡಬೇಕು.

ರೇಶಿಯೋ 1.5ರಿಂದ 1.8 ಎಂದು ಎರಡು ಸಂಖ್ಯೆಗಳಲ್ಲಿ ಕೊಟ್ಟಿದ್ದರೆ ಯಂತ್ರಕ್ಕೆ ಜೂಮ್ ಇದೆ ಎಂದು ತಿಳಿಯಿರಿ. ಒಂದೇ ಸಂಖ್ಯೆ ಇದ್ದರೆ ಚಿತ್ರ ಹಿಗ್ಗಿಸಲು ಕುಗ್ಗಿಸಲು ಯಂತ್ರವನ್ನೇ ಹಿಂದೆ ಮುಂದೆ ಸರಿಸಬೇಕು. ಸಣ್ಣ ಕೋಣೆಯವರಿಗೆ ರೇಶಿಯೋ 0.5ರ ಆಸುಪಾಸಿನ 'ಶಾರ್ಟ್ ಥ್ರೋ' ಯಂತ್ರ ಅನುಕೂಲ: ಅದೇ ಏಳು ಅಡಿ ಚಿತ್ರ ಮೂರೂವರೆ ಅಡಿಯಿಂದ ಬರುತ್ತದೆ, ಶಿಕ್ಷಕರ ನೆರಳೂ ಕಡಿಮೆ. ಆದರೆ ಇಂಥ ಯಂತ್ರಕ್ಕೆ ಗೋಡೆ ಬಹಳ ಸಮತಟ್ಟಾಗಿರಬೇಕು. ಸಣ್ಣ ಉಬ್ಬೂ ಚಿತ್ರದ ಗೆರೆಯನ್ನು ಡೊಂಕು ಮಾಡುತ್ತದೆ.

4. ಯಂತ್ರವನ್ನು ಪರದೆಗೆ ನೇರವಾಗಿ ಕೂಡಿಸಿ

ಅತಿ ಹೆಚ್ಚು ಜನ ಎಡವುವ ಹಂತ ಇದು; ಆತುರ ಬೇಡ.

ಬೆಳಕು ದೂರ ಹೋದಷ್ಟೂ ಹರಡಿಕೊಳ್ಳುತ್ತದೆ. ಯಂತ್ರದ ಮುಂಭಾಗವನ್ನು ಮೇಲಕ್ಕೆ ಎತ್ತಿದರೆ ಚಿತ್ರದ ಮೇಲಂಚಿಗೆ ಹೋಗುವ ಬೆಳಕು ಹೆಚ್ಚು ದೂರ ಸಾಗಿ ಮೇಲ್ಭಾಗ ಅಗಲವಾಗುತ್ತದೆ. ಬದಿಗೆ ಇಟ್ಟು ಓರೆಯಾಗಿ ತಿರುಗಿಸಿದರೆ ದೂರದ ಬದಿ ಎತ್ತರವಾಗುತ್ತದೆ. ಇದನ್ನು ಸರಿಪಡಿಸಲು ಮೆನುವಿನಲ್ಲಿ 'ಕೀಸ್ಟೋನ್' ಎಂಬ ಆಯ್ಕೆ ಇದೆ. ಅದು ಮಾಡುವ ಕೆಲಸವೇನೆಂದು ತಿಳಿದರೆ ನೀವು ಅದನ್ನು ಮೊದಲು ಮುಟ್ಟುವುದಿಲ್ಲ: 1920 × 1080 ಯಂತ್ರದಲ್ಲಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಚಿತ್ರಬಿಂದುಗಳಿವೆ, ಕೀಸ್ಟೋನ್ ಅಗಲವಾದ ಭಾಗವನ್ನು ಕುಗ್ಗಿಸಿ, ಒಂದಿಷ್ಟು ಬಿಂದುಗಳನ್ನು ಖಾಲಿ ಬಿಟ್ಟು, ಉಳಿದವುಗಳಲ್ಲೇ ಚಿತ್ರವನ್ನು ಹೊಸದಾಗಿ ಹೊಂದಿಸುತ್ತದೆ. ಆಕಾರ ಸರಿಯಾಗುತ್ತದೆ, ಸ್ಪಷ್ಟತೆ ಮತ್ತು ಬೆಳಕು ಎರಡೂ ಕಳೆಯುತ್ತವೆ. ಕನ್ನಡ ಅಕ್ಷರಗಳಿಗೆ ಈ ನಷ್ಟ ಹೆಚ್ಚು, ಏಕೆಂದರೆ ಒತ್ತಕ್ಷರಗಳ ಸಣ್ಣ ಸುಳಿಗಳು ಮೊದಲು ಕಲಸಿ ಹೋಗುತ್ತವೆ.

ಹಾಗಾಗಿ ಹೀಗೆ ಮಾಡಿ. ಪರದೆಯ ಅಗಲದ ನಡುಬಿಂದುವನ್ನು ಗುರುತಿಸಿ. ದಾರದ ಒಂದು ತುದಿಯನ್ನು ಮಸೂರದ ಹತ್ತಿರ ಹಿಡಿದು ಇನ್ನೊಂದು ತುದಿಯನ್ನು ಪರದೆಯ ಎಡ ಮೇಲ್ಮೂಲೆಗೆ ಮುಟ್ಟಿಸಿ, ಅದೇ ಅಳತೆಯನ್ನು ಬಲ ಮೇಲ್ಮೂಲೆಗೆ ಒಯ್ದು ನೋಡಿ. ಎರಡೂ ಸಮ ಬರುವ ತನಕ ಯಂತ್ರವನ್ನು ಎಡಬಲಕ್ಕೆ ಸರಿಸಿ. ಈಗ ಮಸೂರ ನಡುಗೆರೆಯ ಮೇಲಿದೆ. ಯಂತ್ರದ ಮುಖ ನೇರವಾಗಿದೆಯೇ ಎಂಬುದು ಬೇರೆ ಮಾತು. ಅದಕ್ಕೆ ಚಿತ್ರ ಬಿಟ್ಟು, ಅದರ ಎಡ ಅಂಚಿನ ಮತ್ತು ಬಲ ಅಂಚಿನ ಎತ್ತರವನ್ನು ಟೇಪಿನಿಂದ ಅಳೆಯಿರಿ. ಎಡ ಅಂಚು ಹೆಚ್ಚು ಎತ್ತರವಿದ್ದರೆ ಯಂತ್ರ ಎಡಕ್ಕೆ ತಿರುಗಿದೆ, ಸ್ವಲ್ಪ ಬಲಕ್ಕೆ ತಿರುಗಿಸಿ. ಬಳಿಕ ರಸಮಟ್ಟವನ್ನು ಯಂತ್ರದ ಮೇಲೆ ಉದ್ದಕ್ಕೂ ಅಡ್ಡಕ್ಕೂ ಇಟ್ಟು ಮಟ್ಟ ನೋಡಿ; ಗುಳ್ಳೆ ನಡುವೆ ನಿಲ್ಲುವಂತೆ ಅಡಿಯ ತಿರುಪುಕಾಲುಗಳನ್ನು ಹೊಂದಿಸಿ.

ಎತ್ತರದ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಎಲ್ಲೆಡೆ ಇದೆ. ಮಸೂರ ಪರದೆಯ ನಡುವಿನ ಎತ್ತರಕ್ಕೇ ಇರಬೇಕು ಎಂದು ಭಾವಿಸಿ ಎತ್ತರದ ಸ್ಟೂಲು ಜೋಡಿಸುತ್ತಾರೆ. ಶಾಲೆ, ಕಚೇರಿಗಳಲ್ಲಿ ಬಳಸುವ ಬಹುತೇಕ ಯಂತ್ರಗಳು ಮಟ್ಟಸವಾಗಿ ಇಟ್ಟರೂ ಚಿತ್ರವನ್ನು ತಾವಾಗಿಯೇ ಮೇಲಕ್ಕೆ ಎಸೆಯುವಂತೆ ರಚಿತವಾಗಿವೆ; ಇದಕ್ಕೆ 'ಆಫ್‌ಸೆಟ್' ಎನ್ನುತ್ತಾರೆ. ಇಂಥ ಯಂತ್ರದ ಮಸೂರ ಚಿತ್ರದ ಕೆಳಅಂಚಿನ ಮಟ್ಟದಲ್ಲಿ ಅಥವಾ ಅದಕ್ಕಿಂತ ತುಸು ಕೆಳಗೆ ಇರಬೇಕು. ಮನೆಬಳಕೆಯ ಕೆಲವು ಸಣ್ಣ ಎಲ್‌ಇಡಿ ಯಂತ್ರಗಳಿಗೆ ಆಫ್‌ಸೆಟ್ ಇರುವುದಿಲ್ಲ, ಅವನ್ನು ಪರದೆಯ ನಡುಮಟ್ಟಕ್ಕೇ ಇಡಬೇಕು. ನಿಮ್ಮದು ಯಾವುದು ಎಂದು ತಿಳಿಯಲು ಯಂತ್ರವನ್ನು ಮಟ್ಟಸವಾದ ಮೇಜಿನ ಮೇಲೆ ಇಟ್ಟು, ಮಸೂರದ ಎತ್ತರವನ್ನೂ ಗೋಡೆಯ ಮೇಲೆ ಬಿದ್ದ ಚಿತ್ರದ ಕೆಳಅಂಚಿನ ಎತ್ತರವನ್ನೂ ನೆಲದಿಂದ ಅಳೆದು ಹೋಲಿಸಿ.

ಕೆಲವು ಯಂತ್ರಗಳಲ್ಲಿ 'ಲೆನ್ಸ್ ಶಿಫ್ಟ್' ಇರುತ್ತದೆ. ಅದು ಮಸೂರವನ್ನೇ ಒಳಗೆ ಸರಿಸುವುದರಿಂದ ಚಿತ್ರಬಿಂದುಗಳ ನಷ್ಟವಿಲ್ಲ, ನಿಸ್ಸಂಕೋಚವಾಗಿ ಬಳಸಿ. ಇಷ್ಟೆಲ್ಲ ಮಾಡಿದ ಮೇಲೂ ಕಂಬವೋ ಫ್ಯಾನೋ ಅಡ್ಡ ಬಂದು ಸ್ವಲ್ಪ ಓರೆ ಉಳಿದರೆ ಆಗ ಕೀಸ್ಟೋನಿನಿಂದ ಅಷ್ಟನ್ನು ಮಾತ್ರ ಸರಿಪಡಿಸಿಕೊಳ್ಳಿ. 'ಆಟೋ ಕೀಸ್ಟೋನ್' ಇದ್ದರೆ ಈ ಕೆಲಸ ಮುಗಿಯುವವರೆಗೆ ಅದನ್ನು ಆಫ್ ಮಾಡಿಡಿ, ಇಲ್ಲದಿದ್ದರೆ ನೀವು ಸರಿಸಿದಂತೆಲ್ಲ ಅದೂ ಚಿತ್ರ ಬದಲಿಸುತ್ತಾ ನಿಮ್ಮ ಅಳತೆಯನ್ನು ಕೆಡಿಸುತ್ತದೆ.

5. ಚಾವಣಿಗೆ ತೂಗುಹಾಕುವವರು

ಚಾವಣಿಯಿಂದ ತೂಗುವ ಯಂತ್ರವನ್ನು ತಲೆಕೆಳಗಾಗಿ ಕಟ್ಟಬೇಕು. ಮೆನುವಿನಲ್ಲಿ 'ಸೀಲಿಂಗ್' ಆಯ್ಕೆ ಮಾಡಿದರೆ ಚಿತ್ರ ನೆಟ್ಟಗಾಗುತ್ತದೆ. ನೆಟ್ಟಗೇ ತೂಗುಹಾಕಿ ಮುಂದಕ್ಕೆ ಬಾಗಿಸುವವರು ಆಫ್‌ಸೆಟ್‌ನ ವಿರುದ್ಧ ಹೋಗಿ ದೊಡ್ಡ ಓರೆಯನ್ನು ತಾವೇ ತಂದುಕೊಳ್ಳುತ್ತಾರೆ.

ಕಾಂಕ್ರೀಟ್ ಚಾವಣಿಗೆ ಸಾಮಾನ್ಯ ಲೋಹದ ಆ್ಯಂಕರ್ ಸಾಕು. ಆದರೆ ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ಕಡೆಯ ಕಲ್ಲುಚಪ್ಪಡಿಯ ಚಾವಣಿಗೆ ಡ್ರಿಲ್ ಹಾಕಬೇಡಿ. ಶಹಾಬಾದ್ ಕಲ್ಲು ಪದರ ಪದರವಾದ ಸುಣ್ಣಕಲ್ಲು. ಹ್ಯಾಮರ್ ಡ್ರಿಲ್ಲಿನ ಹೊಡೆತಕ್ಕೆ ಪದರ ಬಿಡಬಹುದು, ಚಪ್ಪಡಿ ಸೀಳಬಹುದು, ಮತ್ತು ಅದರ ಕೆಳಗೆ ಜನ ಕೂಡುತ್ತಾರೆ. ಅಂಥಲ್ಲಿ ಚಪ್ಪಡಿ ಹೊತ್ತ ಕಬ್ಬಿಣದ ಗರ್ಡರಿಗೆ ಕ್ಲಾಂಪ್ ಹಾಕಿ ತೂಗಿಸಿ, ಅಥವಾ ಹಿಂದಿನ ಗೋಡೆಯ ಮೇಲೆ ಗಟ್ಟಿ ಹಲಗೆ ಕೂಡಿಸಿ. ಬೀದರ್ ಕಡೆಯ ಕೆಂಪು ಜಂಬಿಟ್ಟಿಗೆ ಗೋಡೆಗಳಲ್ಲಿ ಕಷ್ಟ ಬೇರೆ ರೀತಿಯದು: ಕಲ್ಲಿನೊಳಗೆ ರಂಧ್ರಗಳಿರುವುದರಿಂದ ಚಿಕ್ಕ ಪ್ಲಗ್ ಹಿಡಿಯುವುದಿಲ್ಲ. ಉದ್ದ ಬೋಲ್ಟನ್ನು ರಾಸಾಯನಿಕ ಅಂಟಿನೊಂದಿಗೆ ಕೂಡಿಸುವ ಪದ್ಧತಿ ಬಲ್ಲವರಿಂದ ಮಾಡಿಸಿ. ಯಾವ ಗೋಡೆಯಾದರೂ ಯಂತ್ರಕ್ಕೆ ಪ್ರತ್ಯೇಕವಾಗಿ ಒಂದು ಸುರಕ್ಷಾ ಸರಪಳಿ ಇರಲಿ.

6. ಜೂಮ್ ಮೊದಲು, ಫೋಕಸ್ ಆಮೇಲೆ

ಚಿತ್ರವನ್ನು ಪರದೆಯ ಅಂಚಿಗೆ ಹೊಂದಿಸುವ ಜೂಮ್ ಕೆಲಸ ಮುಗಿಸಿ ಆಮೇಲೆ ಫೋಕಸ್‌ಗೆ ಬನ್ನಿ. ಜೂಮ್ ತಿರುಗಿಸಿದರೆ ಫೋಕಸ್ ಕದಲುತ್ತದೆ. ಯಂತ್ರ ಬಿಸಿಯಾದಂತೆಯೂ ಫೋಕಸ್ ಸ್ವಲ್ಪ ಬದಲಾಗುವುದರಿಂದ, ಹಚ್ಚಿ ಇಪ್ಪತ್ತು ನಿಮಿಷ ಬಿಟ್ಟು ಅಂತಿಮವಾಗಿ ಹೊಂದಿಸಿ. ಫೋಟೋ ನೋಡಿ ಫೋಕಸ್ ಮಾಡಬೇಡಿ. ಒತ್ತಕ್ಷರಗಳು ಹೆಚ್ಚಿರುವ ಒಂದು ಪುಟ ಕನ್ನಡ ಪಠ್ಯವನ್ನು ಸಣ್ಣ ಅಳತೆಯಲ್ಲಿ ಬಿಳಿ ಹಿನ್ನೆಲೆಯ ಮೇಲೆ ತೆರೆಯಿರಿ. ಜೊತೆಗಾರ ಪರದೆಯಿಂದ ಎರಡು ಅಡಿ ದೂರದಲ್ಲಿ ನಿಂತು ನೋಡಿ ಹೇಳಲಿ, ನೀವು ಉಂಗುರ ತಿರುಗಿಸಿ. ನಡುವೆ ಮಾತ್ರವಲ್ಲ, ನಾಲ್ಕೂ ಮೂಲೆಗಳಲ್ಲಿ ಓದಿಸಿ. ಒಂದು ಬದಿ ಸ್ಪಷ್ಟ, ಇನ್ನೊಂದು ಮಸುಕು ಎಂದರೆ ಯಂತ್ರ ಇನ್ನೂ ಓರೆ ಇದೆ; ನಾಲ್ಕನೆಯ ಹಂತಕ್ಕೆ ಹಿಂದಿರುಗಿ. ನಾಲ್ಕೂ ಮೂಲೆ ಒಂದೇ ರೀತಿ ಮಸುಕಾಗಿದ್ದು ನಡು ಮಾತ್ರ ಸ್ಪಷ್ಟವಿದ್ದರೆ ಅದು ಮಸೂರದ ಮಿತಿ: ನಡುವಿನಿಂದ ಅಂಚಿಗೆ ಮೂರನೆಯ ಒಂದು ಭಾಗದಷ್ಟು ಒಳಗಿನ ಅಕ್ಷರಗಳನ್ನು ನೋಡಿ ಹೊಂದಾಣಿಕೆ ಮಾಡಿಕೊಳ್ಳಿ.

7. ಲ್ಯಾಪ್‌ಟಾಪ್ ಜೋಡಿಸಿ

ಲ್ಯಾಪ್‌ಟಾಪಿನ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ರೆಸಲ್ಯೂಶನ್ ಯಂತ್ರದ 'ನೇಟಿವ್' ಸಂಖ್ಯೆಗೆ ಸರಿಯಾಗಿರಬೇಕು. ನೇಟಿವ್ ಎಂದರೆ ಯಂತ್ರದಲ್ಲಿ ನಿಜವಾಗಿ ಇರುವ ಚಿತ್ರಬಿಂದುಗಳ ಸಂಖ್ಯೆ. '1080ಪಿ ಸಪೋರ್ಟ್' ಎಂದು ಬರೆದಿರುವ ಎಷ್ಟೋ ಯಂತ್ರಗಳ ನೇಟಿವ್ ಅದಕ್ಕಿಂತ ಬಹಳ ಕಡಿಮೆ, ಕೈಪಿಡಿಯಲ್ಲಿ ಖಚಿತಪಡಿಸಿಕೊಳ್ಳಿ. ಎಚ್‌ಡಿಎಂಐ ತಂತಿ ಹತ್ತು ಮೀಟರಿನೊಳಗೆ ಇದ್ದರೆ ಸಾಮಾನ್ಯ ತಾಮ್ರದ್ದು ಸಾಕು. ಅದಕ್ಕಿಂತ ಉದ್ದ ಬೇಕಾದರೆ ಒಳಗೆ ಆಪ್ಟಿಕಲ್ ಎಳೆ ಇರುವ ತಂತಿ ತನ್ನಿ, ಮತ್ತು ಅದರ ಯಾವ ತುದಿ ಲ್ಯಾಪ್‌ಟಾಪಿಗೆ, ಯಾವುದು ಪ್ರೊಜೆಕ್ಟರಿಗೆ ಎಂದು ಬರೆದಿರುವುದನ್ನು ಗೋಡೆಯೊಳಗಿನ ಪೈಪಿಗೆ ಎಳೆಯುವ ಮೊದಲೇ ನೋಡಿಕೊಳ್ಳಿ. ತಿರುಗಾಮುರುಗಾ ಹಾಕಿದರೆ ಚಿತ್ರ ಬರುವುದಿಲ್ಲ.

ಬಣ್ಣದ ಆಯ್ಕೆಗಳಲ್ಲಿ 'ಡೈನಾಮಿಕ್' ಅತಿ ಹೆಚ್ಚು ಬೆಳಕು ಕೊಟ್ಟರೂ ಅನೇಕ ಯಂತ್ರಗಳಲ್ಲಿ ಹಸಿರು ಛಾಯೆ ತರುತ್ತದೆ. ಕತ್ತಲ ಕೋಣೆಯಲ್ಲಿ 'ಸಿನಿಮಾ' ಆಯ್ಕೆಯೇ ಚೆಂದ.

8. ಬಿಸಿ, ಧೂಳು, ಕರೆಂಟು

ಬಹಳಷ್ಟು ಯಂತ್ರಗಳ ಕೈಪಿಡಿಗಳು ಸುತ್ತಲಿನ ಉಷ್ಣತೆ 35 ಅಥವಾ 40 ಡಿಗ್ರಿ ಸೆಲ್ಸಿಯಸ್ ಮೀರಬಾರದು ಎನ್ನುತ್ತವೆ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿಯ ಹೊರಗಿನ ಉಷ್ಣತೆಯೇ 40 ದಾಟುತ್ತದೆ, ತಗಡಿನ ಕೆಳಗೆ ಚಾವಣಿಯ ಹತ್ತಿರ ಇನ್ನೂ ಹೆಚ್ಚು. ಆ ದಿನಗಳಲ್ಲಿ ಮಧ್ಯಾಹ್ನದ ಪ್ರದರ್ಶನ ಬಿಟ್ಟು ಬೆಳಿಗ್ಗೆ ಇಟ್ಟುಕೊಳ್ಳಿ, ದೀಪವನ್ನು ಬೆಳಕು ತಗ್ಗಿಸುವ 'ಇಕೋ' ಆಯ್ಕೆಯಲ್ಲಿ ಉರಿಸಿ, ಗಾಳಿಕಿಂಡಿಗಳ ಸುತ್ತ ಒಂದು ಅಡಿ ಖಾಲಿ ಬಿಡಿ. ಕೂಲರ್ ಗಾಳಿಯನ್ನು ಯಂತ್ರದ ಕಡೆ ತಿರುಗಿಸುವುದು ನಮ್ಮಲ್ಲಿ ಸಾಮಾನ್ಯ, ಆದರೆ ಅದು ಸಲ್ಲದು: ಆ ಗಾಳಿಯಲ್ಲಿ ನೀರಿನ ತುಂತುರು ಇರುತ್ತದೆ, ನಮ್ಮ ಗಡಸು ನೀರಿನ ಬಿಳಿ ಕಲೆ ಮಸೂರದ ಮೇಲೆ ಕೂಡುತ್ತದೆ. ಬಟ್ಟೆಯ ಪರದೆ ಅಲುಗಾಡುವುದು ಇನ್ನೊಂದು ತೊಂದರೆ. ಕೂಲರ್ ಜನರ ಕಡೆ ಇರಲಿ.

ಗಣಿ, ಪಾಲಿಶ್ ಕೆಲಸ, ಸಿಮೆಂಟ್ ಕಾರ್ಖಾನೆಗಳ ಹತ್ತಿರದ ಊರುಗಳಲ್ಲಿ, ಮತ್ತು ತೊಗರಿ ರಾಶಿಯ ದಿನಗಳಲ್ಲಿ ಎಲ್ಲ ಹಳ್ಳಿಗಳಲ್ಲೂ, ಗಾಳಿಸೋಸಕವನ್ನು ತಿಂಗಳಿಗೊಮ್ಮೆಯಾದರೂ ತೆಗೆದು ಮೆತ್ತಗಿನ ಬ್ರಷ್‌ನಿಂದ ಸ್ವಚ್ಛಗೊಳಿಸಿ. ಕೈಪಿಡಿ ಹೇಳದ ಹೊರತು ನೀರಿನಲ್ಲಿ ತೊಳೆಯಬೇಡಿ. ಮಸೂರವನ್ನು ಟವೆಲ್ಲಿನಿಂದ ಒರೆಸಿದರೆ ಕಲ್ಲಿನ ಪುಡಿ ಗೀರು ಹಾಕುತ್ತದೆ. ಮೊದಲು ರಬ್ಬರ್ ಊದುಕದಿಂದ ಧೂಳು ಹಾರಿಸಿ, ಆಮೇಲೆ ಮೈಕ್ರೋಫೈಬರ್ ಬಟ್ಟೆ ಮುಟ್ಟಿಸಿ.

ದೀಪದ ಯಂತ್ರಗಳನ್ನು ರಿಮೋಟಿನಿಂದ ಆರಿಸಿದ ಮೇಲೂ ಫ್ಯಾನ್ ಸ್ವಲ್ಪ ಹೊತ್ತು ತಿರುಗಿ ದೀಪವನ್ನು ತಣಿಸುತ್ತದೆ. ನಡುವೆಯೇ ಕರೆಂಟ್ ಹೋದರೆ ಆ ಅವಕಾಶ ತಪ್ಪಿ ದೀಪದ ಆಯುಷ್ಯ ಕಡಿಮೆಯಾಗುತ್ತದೆ. ಇಂಥ ಯಂತ್ರ 250ರಿಂದ 350 ವ್ಯಾಟ್ ಎಳೆಯುವುದರಿಂದ 1000 ವಿಎ ಸಾಮರ್ಥ್ಯದ ಯುಪಿಎಸ್ ಇರಲಿ. ಕೂಲರ್ ಮತ್ತು ಪ್ರೊಜೆಕ್ಟರ್ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಬೇಡ, ಅರ್ಥಿಂಗ್ ಇಲ್ಲದ ಪ್ಲಗ್ಗಿಗಂತೂ ಬೇಡವೇ ಬೇಡ.

ಬಯಲಿನಲ್ಲಿ ತೋರಿಸುವವರಿಗೆ

ಜಾತ್ರೆ, ಗಣೇಶೋತ್ಸವಗಳಲ್ಲಿ ಅಂಗಳದಲ್ಲಿ ತೋರಿಸುವಾಗ ಸಮಯವನ್ನು ಸೂರ್ಯನೇ ನಿಗದಿ ಮಾಡುತ್ತಾನೆ. ಮೇ ತಿಂಗಳ ನಡುವೆ ಕಲಬುರಗಿಯಲ್ಲಿ ಸೂರ್ಯ ಮುಳುಗುವುದು ಸಂಜೆ 6.45ರ ಆಸುಪಾಸು, ಆಕಾಶ ಸಾಕಷ್ಟು ಕಪ್ಪಾಗಲು ಇನ್ನೂ ಅರ್ಧ ಗಂಟೆ ಹೆಚ್ಚು ಬೇಕು. ಕರಪತ್ರದಲ್ಲಿ ಏಳೂವರೆ ಎಂದು ಹಾಕಿಸಿ. ಪರದೆಯ ಬೆನ್ನು ಪಶ್ಚಿಮಕ್ಕೆ ಇದ್ದರೆ ಮುಳುಗುವ ಬೆಳಕು ಪರದೆಯ ಮುಖದ ಮೇಲೆ ಬೀಳುವುದಿಲ್ಲ. ಬೀದಿದೀಪದಿಂದ ದೂರವಿರಲಿ. ದೊಡ್ಡ ಬಟ್ಟೆ ಗಾಳಿಗೆ ಹಾಯಿಯಂತೆ ಎಳೆಯುತ್ತದೆ, ಕಂಬಗಳಿಗೆ ಹಿಂದೆ ಮುಂದೆ ಎರಡೂ ಕಡೆ ಹಗ್ಗ ಬಿಗಿಯಿರಿ. ಯಂತ್ರದ ಮೇಜಿನ ಸುತ್ತ ಮಕ್ಕಳು ಬರದಂತೆ ಹಗ್ಗ ಕಟ್ಟಿ. ಹತ್ತಿರದಿಂದ ಮಸೂರದೊಳಗೆ ನೋಡುವುದು ಕಣ್ಣಿಗೆ ಅಪಾಯ.

ಯಂತ್ರವನ್ನು ಪ್ರತಿ ಸಲ ಎತ್ತಿಡುವವರು, ಎಲ್ಲ ಸರಿಹೊಂದಿದ ದಿನವೇ ಮೇಜಿನ ಕಾಲುಗಳ ಜಾಗವನ್ನು ನೆಲದ ಮೇಲೆ, ಯಂತ್ರದ ನಾಲ್ಕು ಮೂಲೆಗಳನ್ನು ಮೇಜಿನ ಮೇಲೆ ಬಣ್ಣದ ಅಂಟುಪಟ್ಟಿಯಿಂದ ಗುರುತಿಸಿ. ಮಸೂರದಿಂದ ಪರದೆಗೆ ಇರುವ ದೂರ ಮತ್ತು ಮಸೂರದ ಎತ್ತರವನ್ನು ಒಂದು ಚೀಟಿಯಲ್ಲಿ ಬರೆದು ಯಂತ್ರದ ಚೀಲದಲ್ಲಿ ಇಡಿ. ಮುಂದಿನ ಸಲ ಬೇರೆ ಯಾರೇ ಕೂಡಿಸಿದರೂ ಫೋಕಸ್ ಒಂದನ್ನು ನೋಡಿಕೊಂಡರೆ ಸಾಕಾಗುತ್ತದೆ.